"ನಾ" ಅಂದ್ರ ಯಾರು?

ಮಂಗಳವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಕ್ರೇನು ಮಾತು ಕೇಳುವುದನ್ನು ಬಿಟ್ಟಿತು. ಗೋವಾದ ವಾಸ್ಕೊದಲ್ಲಿರುವ ನಮ್ಮ ವರ್ಕ್‌ಶಾಪಿನಲ್ಲಿ ಅದನ್ನು ನಡೆಸುತ್ತಿದ್ದುದು ಕ್ಯಾಬಿನ್ನಿನ ಕಂಪ್ಯೂಟರು. ಯಾರದೋ ಕೈಗಾಡಿ ಹಾದು ನೆಟ್‌ವರ್ಕ್ ಕೇಬಲ್ಲು ಕಿತ್ತುಬಂದಿತ್ತು. ಕಂಪ್ಯೂಟರು ನಿಲ್ಲು ಎಂದರೂ ಕ್ರೇನಿಗೆ ಕೇಳಿಸುತ್ತಿರಲಿಲ್ಲ. ಕೊಕ್ಕಿಗೆ ತೂಗುಬಿದ್ದ ಕಬ್ಬಿಣದ ಪೈಪುಗಳ ಕಟ್ಟು ನಾನು ನಿಂತಿದ್ದ ಗೋಡೆಯ ಕಡೆಗೆ ಮದುಮಗಳ ನಡಿಗೆಯಲ್ಲಿ ಬಂತು.

ನಾನು ಓಡಲಿಲ್ಲ. ಬಿ.ಎಸ್ಸಿ. ಮುಗಿಸಿ ಅಲ್ಲಿ ಆಫೀಸು ಕೆಲಸಕ್ಕೆ ಸೇರಿದವಳು ನಾನು; ಇಂಥ ಹೊತ್ತಿನಲ್ಲಿ ಓಡಬೇಕೆಂದು ಯಾವ ಪಾಠದಲ್ಲೂ ಇರಲಿಲ್ಲ. ಮೆಕ್ಯಾನಿಕ್ ಕಾಕಾ ನನ್ನ ಓಢಣಿ ಹಿಡಿದು ಜಗ್ಗಿದರು. ಯಾರೋ ಮೇನ್ ಸ್ವಿಚ್ ಆರಿಸಿದರು. ಕಟ್ಟು ಗೋಡೆಗೆ ಬಡಿದು ನಿಂತಾಗ ನಡುವೆ ಸಿಕ್ಕಿದ್ದು ಕಾಕಾನ ಬುತ್ತಿ ಡಬ್ಬಿ ಮಾತ್ರ.

"ರೊಟ್ಟಿ ಮದಲ ತೆಳ್ಳಗ ಇದ್ವು ಬಿಡವ್ವಾ," ಎಂದರು ಕಾಕಾ. ಅವರ ಕೈ ಇನ್ನೂ ನನ್ನ ಓಢಣಿ ಬಿಟ್ಟಿರಲಿಲ್ಲ.

ಮಂಗೋರ್ ಹಿಲ್‌ನಲ್ಲಿ ಅವರದು ನಮ್ಮ ಪಕ್ಕದ ಖೋಲಿ, ಒಂದೇ ಕೋಣೆಯ ಬಾಡಿಗೆ ಮನೆ. ಬಾಯ್ನಾ ಕಡಲತೀರದ ಮನೆಗಳನ್ನು ಸರ್ಕಾರ ಕೆಡವಿದ ಮೇಲೆ ಅಲ್ಲಿಗೆ ಬಂದವರು. ಕೆಲಸ ಹೋದರೆ ಈ ಖೋಲಿಯೂ ಹೋಗುತ್ತಿತ್ತು. ಮ್ಯಾನೇಜರ್ ಸಾಹೇಬರು ಮಧ್ಯಾಹ್ನವೇ ತೀರ್ಪು ಕೊಟ್ಟಿದ್ದರು: ಡ್ರೈವರ್ ತಪ್ಪಾಗಿ ಹಾಕಿದವನು ಇವನೇ, ಸೋಮವಾರದಿಂದ ಬರುವುದು ಬೇಡ.

ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡನ್ನು ದುಡಿಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಹಳೆಯ ಕಾರ್ಡು ಮಳೆಗಾಲದಲ್ಲಿ ಸುಟ್ಟು, ಹೊಸದು ಬಂದಾಗ ಜೊತೆಗೆ ಹಳೆಯದು, ಹೊಸದು ಎಂದು ಎರಡು ಡ್ರೈವರ್‌ಗಳೂ ಒಂದು ಕೈಪಿಡಿಯೂ ಬಂದಿದ್ದವು. ಕೈಪಿಡಿಯಲ್ಲಿ ಎರಡನ್ನೂ ಹೋಲಿಸುವ ಕೋಷ್ಟಕವಿತ್ತು. ಅದು ಎಷ್ಟು ಉದ್ದವೆಂದರೆ, ಓದಲು ಹೋದವರು ಅರ್ಧದಲ್ಲಿ ಚಹಾ ಕುಡಿದು ಬರುತ್ತಿದ್ದರು. ಕೇಬಲ್ ಕಡಿದರೆ ಸ್ಟಾಪ್ ಎಂಬ ಸಾಲು ಎಲ್ಲೋ ತಳದಲ್ಲಿತ್ತು. ಹಳೆಯ ಡ್ರೈವರ್‌ನ ಚೌಕದಲ್ಲಿ ಇಂಗ್ಲಿಷಿನ ಯೆಸ್, ಹೊಸದರ ಚೌಕದಲ್ಲಿ ಎರಡೇ ಅಕ್ಷರ: ಎನ್, ಎ.

"ಹೊಸಾದ್ಯಾಕ ಹಾಕಿದ್ರಿ ಕಾಕಾ?" ಎಂದು ಕೇಳಿದೆ.

"ಓದೇ ಹಾಕೇನವ್ವಾ. ಸ್ಟಾಪ್ ಯಾರು ಮಾಡ್ತೀರಿ ಅಂತ ಕೇಳ್ಯಾರ. ಹಳೇ ಡ್ರೈವರ್ ಯೆಸ್ ಅಂದಾನ. ಯೆಸ್ ಅನ್ನಾವ ಬರೇ ಹೂಂ ಅಂತಾನ. ಹೊಸಾವ ಎನ್ನು ಎ ಕೂಡಿಸಿ 'ನಾ' ಅಂದಾನ. ನಾ ಅನ್ನಾವ ಮುಂದ ಬಂದು ಕೆಲಸಾ ಮಾಡ್ತಾನ!"

ನನಗೆ ನಗು ಬಂತು, ಕೂಡಲೇ ಪೈಪುಗಳು ನೆನಪಾಗಿ ನಿಂತುಹೋಯಿತು. ಗೋವಾದವನೇ ಆದ ಫೋರ್‌ಮನ್ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊಂಕಣಿಯಲ್ಲಿ ನಾ ಎಂಬ ಮಾತಿಗೆ ಇಲ್ಲ ಎಂದರ್ಥ. "ನಾ ಮ್ಹಳ್ಯಾರ್ ನಾ ರೇ!" ಎಂದ, ನಾ ಎಂದರೆ ಇಲ್ಲವೋ ಎಂದು.

ಕಾಕಾ ಸೋಲಲಿಲ್ಲ. "ನಿಮ್ಮ ನಾ ನಿಮ್ಮ ಮನ್ಯಾಗ ಇಟ್ಕೋರಿ."

ಕಾರ್ಡು ಕಳಿಸಿದವರಿಗೆ ಫೋನು ಮಾಡಿ ಕೇಳಿದೆ. ಅವರದು ಮೂರನೆಯ ಅರ್ಥ, ನಾಟ್ ಅಪ್ಲಿಕೇಬಲ್: ಹೊಸ ಡ್ರೈವರ್‌ಗೆ ಆ ಸಾಲು ಅನ್ವಯಿಸುವುದಿಲ್ಲ, ನಿಲ್ಲಿಸುವ ಕೆಲಸಕ್ಕೆ ಬೇರೆ ಪ್ರೋಗ್ರಾಮು ಹಾಕಿಕೊಳ್ಳಬೇಕು. ಆ ಪ್ರೋಗ್ರಾಮನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

ಶನಿವಾರ ಕೈಪಿಡಿ ಹಿಡಿದು ಸಾಹೇಬರನ್ನು ಕ್ರೇನಿನ ಹತ್ತಿರ ಕರೆದೆ. ಅವರು ತಿಳಿಯದವನಿಗೆ ತಿಳಿಹೇಳುವ ದನಿಯಲ್ಲಿ, ಎನ್, ಎ ಎಂದರೆ ಹೊಸ ಡ್ರೈವರ್ ಅಷ್ಟು ಮುಂದುವರಿದದ್ದು, ಅದಕ್ಕೆ ಆ ಸಾಲಿನ ಅಗತ್ಯವೇ ಇಲ್ಲ, ಕೇಬಲ್ ಕಿತ್ತರೆ ಕ್ರೇನನ್ನು ತಾನೇ ನಿಲ್ಲಿಸುತ್ತದೆ ಎಂದು ವಿವರಿಸಿದರು.

"ಹಂಗಾರ ಚಲೋ ಆತ್ರಿ ಸಾಹೇಬ್ರ," ಎಂದರು ಕಾಕಾ, ಕೇಬಲ್ಲಿಗೆ ಕೈಹಾಕಿ. "ನೀವು ಕೊಕ್ಕಿ ಕೆಳಗ ನಿಂದರ್ರಿ, ನಾ ಇದನ್ನ ಕೀಳ್ತೀನಿ."

ಸಾಹೇಬರು ಮೇಲೆ ನೋಡಿದರು, ಮತ್ತೆ ಕೈಪಿಡಿ ನೋಡಿದರು. ನಾನು ಫೋನಿನಲ್ಲಿ ಕೇಳಿದ್ದನ್ನು ಹೇಳಿದೆ. ಅವರು ಕೊಕ್ಕಿಯ ನೇರದಿಂದ ಸರಿದು ನಿಂತು ಕನ್ನಡಕ ಒರೆಸಿದರು. ತಾವಾಗಿದ್ದರೂ ಅದೇ ಡ್ರೈವರ್ ಹಾಕುತ್ತಿದ್ದೆನೆಂದು ಬಾಯಿಬಿಟ್ಟು ಹೇಳಲಿಲ್ಲ. ಕೋಷ್ಟಕವನ್ನು ಎಲ್ಲರಿಗೂ ತಿಳಿಯುವ ಹಾಗೆ ಬರೆ, ಸೋಮವಾರ ಇವನೇ ಅಂಟಿಸಲಿ ಎಂದಷ್ಟೇ ನನಗೆ ಹೇಳಿ ಹೋದರು. ಕಾಕಾ ನನ್ನ ಕಡೆ ತಿರುಗಿ, "ಸೋಮಾರ ಅಂದ್ರಲ್ಲವ್ವಾ? ಖರೇ ಅಂದ್ರಲ್ಲಾ?" ಎಂದು ಮತ್ತೆ ಮತ್ತೆ ಕೇಳಿದರು.

ಅಪಘಾತವಾದ ದಿನದಿಂದ ನನಗೆ ನಿದ್ದೆಯಿರಲಿಲ್ಲ. ಫ್ಯಾನು ಕೊಕ್ಕಿಗೆ ತೂಗುತ್ತದೆಂದು ಹಾಸಿಗೆಯನ್ನು ಮೂಲೆಗೆ ಎಳೆದುಕೊಂಡಿದ್ದೆ. ಅದಕ್ಕೆ ದಿನಾ ಎಡವುತ್ತಿದ್ದ ಅವ್ವ, "ಆ ಫ್ಯಾನಿಗೆ ಯಾವ ಡ್ರೈವರ್ ಐತಿ ಅಂತ ಹೆದರತಿ?" ಎಂದು ರೇಗಿಸುತ್ತಿದ್ದಳು. ಈಗಲೂ ತೂಗುವ ವಸ್ತುವಿನ ಕೆಳಗೆ ನನ್ನ ಕಾಲು ತಾನಾಗಿ ಪಕ್ಕಕ್ಕೆ ಹೋಗುತ್ತದೆ.

ಕೋಷ್ಟಕವನ್ನು ಕಡಿಯುತ್ತಾ ಹೋದೆ. ಕ್ರೇನಿಗೆ ಸಂಬಂಧವಿಲ್ಲದ ಸಾಲುಗಳೆಲ್ಲ ಹೋದವು. ಪ್ರಾಣದ ಸಾಲು ತಳದಿಂದ ಎಲ್ಲಕ್ಕಿಂತ ಮೇಲೆ ಬಂತು. ಎರಡಕ್ಷರದ ಜಾಗದಲ್ಲಿ ಇಡೀ ವಾಕ್ಯ ಬರೆದೆ: ಕೇಬಲ್ ಕಡಿದರೆ ಈ ಡ್ರೈವರ್ ಕ್ರೇನನ್ನು ನಿಲ್ಲಿಸುವುದಿಲ್ಲ. ಅದನ್ನೇ ಕೊಂಕಣಿಯಲ್ಲಿ ಫೋರ್‌ಮನ್ ಬರೆದುಕೊಟ್ಟ.

ಸೋಮವಾರ ಕಾಕಾ ಹಳೆಯ ಡ್ರೈವರ್ ಹಾಕಿ, ಹಾಳೆಯನ್ನು ಕ್ಯಾಬಿನ್ನಿಗೆ ಅಂಟಿಸಿದರು. ಕೆಳಗೆ ಯಾರನ್ನೂ ಬಿಡದೆ ಬರಿಗೊಕ್ಕಿ ಓಡಿಸಿ ಕೇಬಲ್ ಕಿತ್ತರು. ಕೊಕ್ಕಿ ಒಂದು ಸಲ ತೂಗಿ ನಿಂತಿತು.

ಅಂದು ರಾತ್ರಿ ಮಲಗಿದವಳಿಗೆ ಎಚ್ಚರವಾದಾಗ ಬಿಸಿಲು ಹೊಸಿಲು ದಾಟಿತ್ತು. ನಲ್ಲಿಯ ನೀರು ಬಂದು ಹೋಗಿತ್ತು. ಗಾಬರಿಯಿಂದ ಹೊರಗೆ ಓಡಿದರೆ ನಮ್ಮ ಕೊಡಗಳೆಲ್ಲ ತುಂಬಿ ಸಾಲಾಗಿ ನಿಂತಿದ್ದವು.

"ಯಾರ್ ತುಂಬಿದ್ರಿ ಇವನ್ನ?" ಎಂದು ಕೂಗಿದೆ.

ಪಕ್ಕದ ಖೋಲಿಯಿಂದ ಉತ್ತರ ಬಂತು: "ನಾ!"