ಬೆಕ್ಕಿಗೂ ಶ್ರಾವಣ ಮಾಡಿಸಿದವರು

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುವಾಗ ಪಕ್ಕದ ಕೋಣೆಯಿಂದ ಊದಿನಕಡ್ಡಿಯ ಹೊಗೆ ಬಂದರೆ ಸಾಕು, ನನಗೆ ಆ ಹೊತ್ತೇ ನೆನಪಾಗುತ್ತದೆ. ಮೊಟ್ಟೆಯ ವಾಸನೆ ಬೇರೆ, ಊದಿನಕಡ್ಡಿಯ ವಾಸನೆ ಬೇರೆ. ಒಂದೊಂದೇ ಬಂದರೆ ಏನೂ ಅನ್ನಿಸುವುದಿಲ್ಲ. ಎರಡೂ ಕೂಡಿದಾಗ ಮಾತ್ರ, ನಮ್ಮ ಮನೆಯ ಎದುರಿನ ಕಿರಾಣಿ ಅಂಗಡಿಯ ಕಾಕಾ ಒದ್ದೆ ತಲೆಯಲ್ಲಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ನನ್ನ ಮುಂದೆ ಬಂದು ನಿಲ್ಲುತ್ತಾರೆ. ನೆನಪಾದ ಕೂಡಲೇ ಮೊದಲು ಬರುವುದು ದುಃಖವಲ್ಲ, ಸಿಟ್ಟು...

ನನಗೆ ಸ್ವಂತ ಕಾಕಾ ಏನಲ್ಲ. ಭಾಲ್ಕಿಯ ನಮ್ಮ ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಮೂರು ತಲೆಮಾರಿನ ಅಂಗಡಿ. ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ತಕ್ಕಡಿ ಮುಟ್ಟುತ್ತಿರಲಿಲ್ಲ. ಅವರು ಅಂಗಡಿಯ ಬಾಗಿಲು ತೆಗೆಯುವ ಸದ್ದಿಗೇ ನನಗೆ ದಿನಾ ಎಚ್ಚರವಾಗುತ್ತಿತ್ತು. ಅಂಗಡಿಯಲ್ಲಿ ಜೋಳ, ತೊಗರಿ, ಬೆಲ್ಲ, ಸಾಬೂನು ಎಲ್ಲ ಸಿಗುತ್ತಿತ್ತು. ಮೊಟ್ಟೆ ಮಾತ್ರ ಸಿಗುತ್ತಿರಲಿಲ್ಲ. ಯಾರಾದರೂ ತಿಳಿಯದೆ ಕೇಳಿದರೆ, "ಅದರ ಸುದ್ದಿ ಇಲ್ಲಿ ಇಲ್ರಿ" ಎಂದು ಕೈಮುಗಿದು ಕಳಿಸುತ್ತಿದ್ದರು. ಆ ಅಂಗಡಿಯಲ್ಲಿ ಒಂದು ಬೆಕ್ಕಿತ್ತು. ಹುರಿದ ಶೇಂಗಾದ ಬಣ್ಣದ್ದು, ಅದಕ್ಕೇ ಶೇಂಗಿ ಎಂದು ಹೆಸರು.

ಇಲಿ ಕಾಯಲೆಂದು ತಂದ ಬೆಕ್ಕು ಅದು. ಆದರೆ ನಾನು ನೋಡುವ ಹೊತ್ತಿಗೆ ಇಲಿಗಳೇ ಅದನ್ನು ಕಾಯುವಂತಾಗಿತ್ತು. ತಕ್ಕಡಿಯ ಪಕ್ಕದಲ್ಲಿ ಹಿಟ್ಟಿನ ಮೂಟೆಯ ಹಾಗೆ ಕುಳಿತಿರುತ್ತಿತ್ತು. ಸಾಮಾನು ಕಟ್ಟಿದ ಮೇಲೆ ಕಾಕಾ ಎಲ್ಲರಿಗೂ ಕೊಸರು ಹಾಕುತ್ತಿದ್ದರು: ಒಂದು ಚೂರು ಬೆಲ್ಲ, ಒಂದು ಹಿಡಿ ಪುಟಾಣಿ, ಮಕ್ಕಳಿಗೆ ಒಂದು ಬಿಸ್ಕೀಟು. ತಕ್ಕೊಂಡವರು ಅದರಲ್ಲಿ ಅರ್ಧ ಶೇಂಗಿಯ ಮುಂದೆ ಹಾಕಿ ಹೋಗುತ್ತಿದ್ದರು. ಹಾಗೆ ಮಾಡುವುದು ಓಣಿಯ ರೂಢಿಯೇ ಆಗಿಬಿಟ್ಟಿತ್ತು. ಇದರ ಮೇಲೆ ಬೆಳಿಗ್ಗೆ ಎಮ್ಮೆ ಹಾಲು, ಮಧ್ಯಾಹ್ನ ತುಪ್ಪದ ಅನ್ನ, ಸಂಜೆ ಕೆನೆ.

"ಕಾಕಾ, ಅದು ತನ್ನ ಬೆನ್ನು ನೆಕ್ಕಿಕೊಳ್ಳಾಕ ಬರಲಾರದಷ್ಟು ಉಬ್ಬ್ಯಾದ ನೋಡ್ರಿ. ಕೂದಲೆಲ್ಲ ಗಂಟು ಕಟ್ಟ್ಯಾವ" ಎಂದು ನಾನು ಎಷ್ಟು ಸಲ ಹೇಳಿದ್ದೆನೋ.

"ನೀ ಕಾಲೇಜ್‌ನ್ಯಾಗ ಕಲಸಾಕಿ, ನಿನಗ ಧಂಧಾ ತಿಳೀಯಂಗಿಲ್ಲ ತಂಗಿ. ಕಿರಾಣಿ ಅಂಗಡ್ಯಾಗ ಬೆಕ್ಕು ಸೊರಗಿದ್ರ ಜನ ಏನಂತಾರ? ಮಾಲಿಲ್ಲ, ಮಾಲಿಲ್ಲಂದ್ರ ಇಲಿ ಇಲ್ಲ, ಇಲಿ ಇಲ್ಲಂದ್ರ ಬೆಕ್ಕು ಸೊರಗ್ಯಾದ ಅಂತಾರ. ಇದು ನಮ್ಮ ಅಂಗಡಿ ಬರಕತ್, ನಮ್ಮ ಏಳಿಗಿ."

ಇಲಿ ಹಿಡಿಯದ ಬೆಕ್ಕಿನ ಹೊಟ್ಟೆ ನೋಡಿ ಇಲಿಗಳ ಲೆಕ್ಕ ಹಾಕುವ ಮನುಷ್ಯ!

ಶ್ರಾವಣದ ಮೊದಲ ವಾರ ನಾನೇ ಹಠ ಹಿಡಿದು ಕಾಕಾ, ಬೆಕ್ಕು ಇಬ್ಬರನ್ನೂ ನಮ್ಮೂರ ದನದ ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಬೆಕ್ಕಿನ ಪಕ್ಕೆಗೆ ಬೆರಳು ಒತ್ತಿದರು, ಎಲುಬು ಸಿಗಲಿಲ್ಲ. "ತೂಕ ಇಳಸ್ರಿ. ಸಾವಕಾಶ ಇಳಸ್ರಿ, ಒಮ್ಮಿಗೇ ಅಲ್ಲ. ಬಿಸ್ಕೀಟು, ಬೆಲ್ಲ, ಕೆನಿ ಬಂದ್ ಮಾಡ್ರಿ" ಎಂದರು. ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಆ "ಸಾವಕಾಶ"ವನ್ನೇ ಮತ್ತೆ ಮತ್ತೆ ಹೇಳಿದೆ. ಕಾಕಾ "ತಿಳೀತು, ತಿಳೀತು" ಎಂದು ತಲೆಯಾಡಿಸಿದರು. ಅವರು ತಿಳೀತು ಎಂದಾಗಲೇ ಹೆದರಬೇಕಿತ್ತು.

ಮುಂದಿನ ವಾರ ಕಾಲೇಜಿನ ಕೆಲಸದ ಮೇಲೆ ಔರಾದಿಗೆ ಹೋದೆ. ಗುರುವಾರ ಬಸ್ಸಿಳಿದು ಓಣಿಗೆ ಬಂದಾಗ ನಾಲ್ಕು ಹತ್ತು. ಅಂಗಡಿಯ ಗೋಡೆ ಗಡಿಯಾರವನ್ನೇ ನೋಡಿದ್ದೆ. ಅದರ ಕೆಳಗೆ, ತಕ್ಕಡಿಯ ಪಕ್ಕ, ಬೆಕ್ಕು ಇರಲಿಲ್ಲ.

"ಶೇಂಗಿ ಎಲ್ಲಿ ಕಾಕಾ?"

"ಉಪವಾಸ ಕುಂತದ" ಎಂದರು, ಮಗ ಪಾಸಾದ ಸುದ್ದಿ ಹೇಳುವ ಮುಖ ಮಾಡಿಕೊಂಡು. "ಸೋಮವಾರ ನನ್ನ ಜೋಡಿ ಪೂರಾ ಉಪವಾಸ. ಅವತ್ತಿಂದ ನಾನೂ ಒಂದ್ಹೊತ್ತು, ಅದೂ ಒಂದ್ಹೊತ್ತು. ಗಿರಾಕಿಗಳು ಹಾಕ್ತಾರಂತ ಹಿಂದ ಗೋದಾಮಿನ್ಯಾಗ ಇಟ್ಟೀನಿ."

"ತಿಂದದೇನು?"

"ರೊಟ್ಟಿ ನೀರಾಗ ನೆನಸಿ ಇಟ್ಟೀನಿ, ಮುಟ್ಟಂಗಿಲ್ಲ. ಹಠ. ಹೊಟ್ಟಿ ಹಸದ್ರ ತಾನೇ ತಿಂತದ ಬಿಡು."

ಸೋಮವಾರದಿಂದ ಗುರುವಾರ. ನಾನು ಗೋದಾಮಿನ ಚಿಲಕ ತೆಗೆದೆ. ಖಾಲಿ ಚೀಲದ ಮೇಲೆ ಅದು ಮಗ್ಗುಲಾಗಿ ಬಿದ್ದಿತ್ತು. ಬಾಯಿಯಿಂದ ಜೊಲ್ಲು ಸುರಿದು ಚೀಲ ಒದ್ದೆಯಾಗಿತ್ತು. ಎತ್ತಿಕೊಂಡಾಗ ಕತ್ತು ಜೋತುಬಿತ್ತು. ಬೆಳಕಿಗೆ ತಂದು ನೋಡಿದರೆ ಕಿವಿಯ ಒಳಗೆಲ್ಲ ಅರಿಶಿನ ಸವರಿದ ಹಾಗೆ ಹಳದಿ... ಒಸಡೂ ಹಳದಿ. ಕಾಕಾ ನನ್ನ ಹಿಂದೆ ನಿಂತು ನೋಡಿದರು. ಅವರ ಮುಖದ ಹೆಮ್ಮೆ ಎಲ್ಲಿ ಹೋಯಿತೋ.

ನಮ್ಮೂರ ದವಾಖಾನೆ ಮುಚ್ಚಿತ್ತು. ಆಟೋ ಮಾಡಿ ಬೀದರಿಗೆ ಹೊರಟೆವು. ಕಾಕಾ ತಮ್ಮ ರುಮಾಲಿನಲ್ಲಿ ಬೆಕ್ಕನ್ನು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಹಲಬರ್ಗಾ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ. ಅಷ್ಟು ಉದ್ದದ, ಅಷ್ಟು ನಿಧಾನದ ಗಾಡಿಯನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಡಬ್ಬಿಯ ಮೇಲೆ ಡಬ್ಬಿ ಹೋಗುತ್ತಲೇ ಇತ್ತು. ಬೆಕ್ಕಿನ ಪಕ್ಕೆ ಒಮ್ಮೆ ಏರಿ ಇಳಿದು ನಿಂತುಬಿಡುತ್ತಿತ್ತು. ಇನ್ನೊಮ್ಮೆ ಏರುತ್ತದೋ ಇಲ್ಲವೋ ಎಂದು ನಾವಿಬ್ಬರೂ ಅದನ್ನೇ ನೋಡುತ್ತಿದ್ದೆವು. ಕಾಕಾ ಅದರ ಮೂಗಿನ ಮುಂದೆ ಬೆರಳು ಹಿಡಿದು, "ಬರ್ತದ... ಗಾಳಿ ಬರ್ತದ..." ಎನ್ನುತ್ತಿದ್ದರು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆ ಸ್ವಲ್ಪ ಹೊತ್ತನ್ನು ನಾನು ಈಗಲೂ ಎಷ್ಟೋ ಸಲ ಕೂತಲ್ಲೇ ಅನುಭವಿಸುತ್ತೇನೆ. ಗೇಟು ಏಳುವುದೇ ಇಲ್ಲ.

"ಒಳ್ಳೇದಾಗ್ಲಿ ಅಂತ ಮಾಡೀನಿ ತಂಗಿ" ಎಂದರು.

"ಈಗ ಸುಮ್ನಿರ್ರಿ ಕಾಕಾ" ಎಂದೆ.

ಬೀದರಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಲೈನ್ ಹಚ್ಚುತ್ತಲೇ ಬೈದರು. "ದಪ್ಪ ಬೆಕ್ಕಿಗೆ ಉಪವಾಸ ಅಂದ್ರ ವಿಷರಿ. ಎರಡು ಮೂರು ದಿನ ತಿನ್ನೂದು ಬಿಟ್ರ ಮೈಯಾನ ಕೊಬ್ಬೆಲ್ಲ ಬಂದು ಲಿವರಿನ್ಯಾಗ ಕೂಡ್ತದ. ಆಮೇಲ ಹಸಿವೂ ಆಗಂಗಿಲ್ಲ. ಹಠ ಮಾಡಿ ಅಲ್ಲ, ಅದಕ್ಕ ತಿನ್ನಾಕ ಆಗವಲ್ದು." ಬದುಕಬೇಕಾದರೆ ಸೂಜಿ ಇಲ್ಲದ ಸಿರಿಂಜಿನಿಂದ ದಿನಕ್ಕೆ ಹಲವು ಸಲ, ರಾತ್ರಿಯೂ ಎದ್ದು, ಸ್ವಲ್ಪ ಸ್ವಲ್ಪವೇ ಬಾಯಿಗೆ ಹಾಕಬೇಕು ಎಂದರು. ಏನು ಹಾಕಬೇಕು? ಬೇಯಿಸಿದ ಮೊಟ್ಟೆ, ಕೋಳಿಯ ಸಾರು, ಅರೆದು ತೆಳ್ಳಗೆ ಮಾಡಿ.

"ತತ್ತಿ?" ಎಂದರು ಕಾಕಾ. "ಹಾಲನ್ನ ನಡಿಯಂಗಿಲ್ಲೇನ್ರಿ?"

"ಬೆಕ್ಕರೀ ಅದು. ಮಠದ ಅಯ್ಯನೋರಲ್ಲ."

ಮನೆಗೆ ಬಂದರೆ ಕಾಕು ಬಾಗಿಲಲ್ಲೇ ನಿಂತಿದ್ದರು. ಸುದ್ದಿ ಕೇಳಿ, "ಶ್ರಾವಣದಾಗ ಈ ಹೊಸ್ತಿಲದೊಳಗ ತತ್ತಿ ಬಂದ್ರ ನಾ ಔರಾದಿಗೆ ಮಗಳ ಮನಿಗೆ ಹೋಗ್ತೇನಿ" ಎಂದರು.

"ಹೋಗು. ಬೆಕ್ಕು ಸತ್ರ ನಾನೂ ಎಲ್ಲರ ಹೋಗಾಂವನೇ" ಎಂದರು ಕಾಕಾ. ಕಾಕು ಹೋಗಲಿಲ್ಲ.

ನಮ್ಮ ಮನೆಯಲ್ಲಿ ಮೊಟ್ಟೆ, ಮಾಂಸ ನಡೆಯುತ್ತದೆ. ನನ್ನ ತಾಯಿ, ನಮ್ಮ ಆಯಿ, ಮೊಟ್ಟೆ ಬೇಯಿಸಿ ಅರೆದು ಕೊಡುವುದು, ನಾನು ಶೇಂಗಿಗೆ ತಿನ್ನಿಸುವುದು ಎಂದು ಮಾತಾಯಿತು. ಎಷ್ಟು ಸರಳ! ಆದರೆ ಸರಳವಾದದ್ದನ್ನು ಆ ಮನುಷ್ಯ ಯಾವತ್ತು ಒಪ್ಪಿದ್ದರು? "ನಾ ಕೆಡಿಸೀನಿ, ನಾನೇ ಸುಧಾರಸ್ತೇನಿ" ಎಂದು ಸಿರಿಂಜು ಕಸಿದುಕೊಂಡರು. ಗೋದಾಮಿನ ಹಿಂದಿನ ಹಿತ್ತಲಲ್ಲಿ ಕೂತು, ಮುಖ ಒಂದು ಕಡೆ ತಿರುಗಿಸಿ, ಉಸಿರು ಬಿಗಿಹಿಡಿದು ತಿನ್ನಿಸುತ್ತಿದ್ದರು. ಮುಖ ತಿರುಗಿಸಿದ್ದರಿಂದ ಅರ್ಧ ಬೆಕ್ಕಿನ ಕಿವಿಗೆ, ಅರ್ಧ ತಮ್ಮ ಧೋತರಕ್ಕೆ. "ನೋಡಿ ಹಾಕ್ರಿ ಕಾಕಾ!" ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ಮುಗಿದ ಮೇಲೆ ಪ್ರತಿ ಸಲವೂ ಬಾವಿಯ ತಣ್ಣೀರಿನಲ್ಲಿ ತಲೆ ಮೇಲೆ ಜಳಕ, ಮತ್ತೆ ವಿಭೂತಿ, ಮತ್ತೆ ಊದಿನಕಡ್ಡಿ, ಆಮೇಲೆ ತಕ್ಕಡಿ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ದಿನಕ್ಕೆ ಐದಾರು ಜಳಕ. ನೆಗಡಿ ಹತ್ತಿತು, ಕೆಮ್ಮು ಹತ್ತಿತು. ಕೈ ತೊಳೆದರೆ ಸಾಕು ಎಂದರೆ ಕೇಳಲಿಲ್ಲ. ನೀವೇ ಬಿದ್ದರೆ ಬೆಕ್ಕಿಗೆ ಯಾರು ಎಂದರೂ ಕೇಳಲಿಲ್ಲ.

"ಕಾಕಾ, ಎಷ್ಟನೇ ಜಳಕರಿ ಇದು?" ಎಂದು ಗಿರಾಕಿಗಳು ನಗುತ್ತಿದ್ದರು.

"ನಿನ್ನ ಮನಿ ನೀರೇನು? ಬ್ಯಾಳಿ ಎಷ್ಟ್ ಕಟ್ಲಿ ಹೇಳು."

ಒಂದು ದಿನ ನಾನು ಹೋದಾಗ ಕಾಕು ಅಲ್ಲಿದ್ದರು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಣ್ಣು ಆಕಾಶಕ್ಕೆ ನೆಟ್ಟು, ಬೆಕ್ಕಿನ ಕಾಲು ಹಿಡಿದಿದ್ದರು. "ಇವರ ಅಂಗಿ ಒಗದು ಒಗದು ನನ್ನ ಕೈ ಹೋದ್ವು. ಅದಕ್ಕ ಹಿಡದೀನಿ" ಎಂದರು, ನಾನು ಕೇಳದಿದ್ದರೂ. ತತ್ತಿಯನ್ನು ಮಾತ್ರ ಅವರು ಮುಟ್ಟಲಿಲ್ಲ.

ಹಳದಿ ಇಳಿಯಿತು. ಶ್ರಾವಣ ಮುಗಿಯುವ ಹೊತ್ತಿಗೆ ಶೇಂಗಿ ತಾನಾಗಿ ಎದ್ದು ಬಟ್ಟಲು ನೆಕ್ಕಿತು.

ಆಮೇಲೆ ಶುರುವಾಯಿತು ನಿಜವಾದ ತೂಕ ಇಳಿಸುವ ಕೆಲಸ. ಡಾಕ್ಟರು ಹೇಳಿದ ಹಾಗೆ ಹೊತ್ತಿಗೆ ಸರಿಯಾಗಿ ಅಳತೆಯ ಊಟ: ನಮ್ಮ ಮನೆಯಿಂದ ಮೊಟ್ಟೆ, ಕೋಳಿ. ಬೆಲ್ಲ, ಬಿಸ್ಕೀಟು, ಕೆನೆ ಬಂದ್. ಬಟ್ಟಲನ್ನು ಹಿತ್ತಲಿನ ಆ ತುದಿಯಲ್ಲಿ ಇಟ್ಟೆವು, ನಡೆದು ಹೋಗಿ ತಿನ್ನಲಿ ಎಂದು. ಪ್ರತಿ ಸೋಮವಾರ ಕಾಕಾ ಅದನ್ನು ತಕ್ಕಡಿಯ ಒಂದು ಪರಡಿಯಲ್ಲಿ ಕೂರಿಸಿ ಇನ್ನೊಂದರಲ್ಲಿ ಕಲ್ಲು ಇಡುತ್ತಿದ್ದರು. ಇಳಿದಿರುತ್ತಿದ್ದದ್ದು ಒಂದು ಹಿಡಿ ಪುಟಾಣಿಯ ತೂಕ. "ಇಷ್ಟೇನಾ?" ಎಂದು ನನ್ನನ್ನು ನೋಡುತ್ತಿದ್ದರು. "ಇಷ್ಟೇ ಇಳಿಬೇಕು" ಎನ್ನುತ್ತಿದ್ದೆ.

ಓಣಿಯ ಜನ ಬಿಡಬೇಕಲ್ಲ. "ಒಂದ್ ಬಿಸ್ಕೀಟಿಗೆ ಏನಾಗ್ತದ?" ಎಂದು ಎಲ್ಲರದೂ ಒಂದೊಂದು. ಕಾಕಾ ತಕ್ಕಡಿ ಬಿಟ್ಟು ಎದ್ದು ಬಂದು ನೆಲದ ಮೇಲಿನ ಚೂರು ಹೆಕ್ಕುತ್ತಿದ್ದರು. "ಕೊಸರು ನಿಮಗ ಕೊಟ್ಟೀನಿ, ನೀವೇ ತಿನ್ರಿ. ಅದಕ್ಕ ಅದರ ಪಾಲು ಮುಟ್ಯಾದ." ಕಡೆಗೆ ಅವರು ಹೆದರಿದ್ದ ಮಾತೂ ಬಂತು. ಡಾಬಕಾದಿಂದ ಸಂತೆಗೆ ಬರುತ್ತಿದ್ದ ಹಳೆಯ ಗಿರಾಕಿಯೊಬ್ಬ, "ಕಾಕಾ, ಧಂಧಾ ಕುಂತದೇನ್ರಿ? ಬೆಕ್ಕು ಸೊರಗ್ಯಾದ" ಎಂದುಬಿಟ್ಟ. ಆವತ್ತು ಕಾಕಾ ಊಟ ಮಾಡಲಿಲ್ಲ ಎಂದು ಕಾಕು ಹೇಳಿದರು. ಮರುದಿನ ಕೆನೆಯ ಬಟ್ಟಲು ಮತ್ತೆ ಹೊರಬರುತ್ತದೆ ಎಂದು ಕಾದಿದ್ದೆ. ಬರಲಿಲ್ಲ.

ಚಳಿಗಾಲದಲ್ಲಿ ಒಂದು ಸಂಜೆ ಶೇಂಗಿ ನೆಲದಿಂದ ಜೋಳದ ಚೀಲದ ಮೇಲಕ್ಕೆ ಒಂದೇ ನೆಗೆತಕ್ಕೆ ಹಾರಿತು. ಅಲ್ಲಿಂದ ಚೀಲದ ಹಿಂದಕ್ಕೆ ಧುಮುಕಿ, ಬಾಯಲ್ಲಿ ಇಲಿ ಹಿಡಿದು ಹೊರಗೆ ಬಂತು. ಗಿರಾಕಿಗಳೆಲ್ಲ ಬೊಬ್ಬೆ ಹೊಡೆದರು. ಕಾಕಾ ಎಲ್ಲರಿಗೂ ಎರಡೆರಡು ಸಲ ಕೊಸರು ಹಾಕಿದರು. ಬೆಕ್ಕಿಗೆ ಏನೂ ಹಾಕಲಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡರು. ಮಧ್ಯಾಹ್ನ ಅಂಗಡಿಯಲ್ಲೇ, ಗಾದಿಗೆ ಒರಗಿದವರು ಏಳಲಿಲ್ಲ. ನನಗೆ ಅಳಲಿಕ್ಕೂ ಆಗಲಿಲ್ಲ. ಯಾಕೆಂದರೆ ಶೇಂಗಿ ಅಂದಿನಿಂದ ಊಟ ಮುಟ್ಟಲಿಲ್ಲ. ಖಾಲಿ ತಕ್ಕಡಿಯ ಪಕ್ಕ ಕುಳಿತೇ ಇತ್ತು. ನಮ್ಮ ಮನೆಗೆ ಎತ್ತಿಕೊಂಡು ಬಂದೆ. ಮೊಟ್ಟೆ ಇಟ್ಟೆ, ಕೋಳಿ ಇಟ್ಟೆ, ಮೂಸಿ ಕೂಡ ನೋಡಲಿಲ್ಲ. ಮರುದಿನವೂ ಇಲ್ಲ. ನನಗೆ ಮತ್ತೆ ಅದೇ ನಾಲ್ಕು ಹತ್ತು, ಅದೇ ಗೇಟು... ಗಳಿಗೆಗೊಮ್ಮೆ ಅದರ ಕಿವಿ ತಿರುವಿ ಬಣ್ಣ ನೋಡುತ್ತಿದ್ದೆ. ಹಳೆಯ ಸಿರಿಂಜು ಹುಡುಕಿ ತೊಳೆದು ಇಟ್ಟುಕೊಂಡೆ. ಹೋದವರ ಮೇಲೆ ಸಿಟ್ಟು ಬಂತು. ಸತ್ತ ಮೇಲೂ ಈ ಮನುಷ್ಯ ಬೆಕ್ಕಿಗೆ ಉಪವಾಸ ಹಾಕಿ ಹೋದರಲ್ಲ ಎಂದು.

ಸಂಜೆ ಕಾಕು ಬಂದರು. ಮಣ್ಣು ಮಾಡಿ ಎರಡು ದಿನವೂ ಆಗಿರಲಿಲ್ಲ. ಮನೆಯ ತುಂಬ ಮಂದಿ ಇದ್ದರು, ಅವರನ್ನೆಲ್ಲ ಬಿಟ್ಟು ಬಂದಿದ್ದರು. ಬೆಕ್ಕನ್ನು ನೋಡಿದರು, ಬಟ್ಟಲು ನೋಡಿದರು.

"ತತ್ತಿ ಕುದಿಸೀರೇನು?"

ಆಯಿ ತಂದುಕೊಟ್ಟರು. ಕಾಕು ನೆಲದ ಮೇಲೆ ಕೂತು, ಸೆರಗು ಮೂಗಿಗೆ ತಾರದೆ, ಮುಖ ತಿರುಗಿಸದೆ, ಬರಿಗೈಯಿಂದ ಮೊಟ್ಟೆ ಮುರಿದರು. ಹಳದಿಯ ಒಂದು ಚೂರನ್ನು ಅಂಗೈಯಲ್ಲಿ ಹಿಡಿದು ಅದರ ಮುಂದೆ ಇಟ್ಟರು. "ತಿನ್ನು. ನಿನ್ನ ಸಲುವಾಗಿ ಎಷ್ಟು ಜಳಕಾ ಮಾಡ್ಯಾರ, ಗೊತ್ತದೇನು ನಿನಗ?" ಎಂದರು, ಬೈಯುವ ದನಿಯಲ್ಲೇ. ಶೇಂಗಿ ಆ ಕೈಯನ್ನು ಬಹಳ ಹೊತ್ತು ಮೂಸಿತು. ಆಮೇಲೆ ನೆಕ್ಕಿತು. ಒಂದು ಚೂರು, ಇನ್ನೊಂದು ಚೂರು. ಮೊಟ್ಟೆ ಮುಗಿದ ಮೇಲೂ ಅಂಗೈ ನೆಕ್ಕುತ್ತಲೇ ಇತ್ತು.

ಕಾಕು ಎದ್ದು ನಮ್ಮ ಬಚ್ಚಲಿನಲ್ಲಿ ಕೈ ತೊಳೆದುಕೊಂಡರು. ಜಳಕ ಮಾಡಲಿಲ್ಲ. ಬೆರಳು ಮೂಸಿ ನೋಡಿ ಮುಖ ಕಿವುಚಿದರು. "ಇದನ್ನ ಹ್ಯಾಂಗ ತಡಕೊಂಡ್ರೋ..." ಎಂದವರು ಅಲ್ಲೇ ಗೋಡೆ ಹಿಡಿದು ನಿಂತರು. ಮೂರು ದಿನದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಆಗಲೇ.

ಈಗ ಅವರು ಔರಾದಿನಲ್ಲಿ ಮಗಳ ಹತ್ತಿರ ಇದ್ದಾರೆ. ಅಂಗಡಿಯಲ್ಲಿ ಬೇರೆಯವರು ಮೊಬೈಲ್ ಮಾರುತ್ತಾರೆ. ಶೇಂಗಿ ನಮ್ಮ ಮನೆಯಲ್ಲಿದೆ. ಇದನ್ನು ಬರೆಯುವಾಗ ಮೊಟ್ಟೆಗಾಗಿ ಕಾಲಿಗೆ ಮೈ ತಿಕ್ಕುತ್ತಿದೆ, ಪಕ್ಕೆಗೆ ಕೈ ಇಟ್ಟರೆ ಎಲುಬು ಸಿಗುತ್ತದೆ. ಕಾಕು ಫೋನ್ ಮಾಡಿದರೆ ನನ್ನನ್ನು ಕೇಳುವ ಮೊದಲು, "ಉಂಡದೇನು?" ಎನ್ನುತ್ತಾರೆ.

ಶೇಂಗಿ ಅಂಗೈಯಿಂದ ತಿಂದ ಆ ದಿನ ಕಾಕು ಹಿಂದಿರುಗಿ ಹೋಗಲಿಲ್ಲ, ನಮ್ಮಲ್ಲೇ ಚಾಪೆ ಹಾಕಿಕೊಂಡು ಮಲಗಿದರು. ಬೆಕ್ಕು ಅವರ ಕಾಲ ಬಳಿ ಮಲಗಿತು, ನಾನು ಈ ಕಡೆ. ಕಾಕಾ ಹೋದ ಮೇಲೆ ಮೊದಲ ಸಲ ಮೂವರೂ ರಾತ್ರಿಯಿಡೀ ನಿದ್ದೆ ಮಾಡಿದೆವು. ಏಳುವಾಗ ಬಿಸಿಲು ಮುಖಕ್ಕೆ ಬಂದಿತ್ತು. ಇಷ್ಟು ಹೊತ್ತಾದರೂ ಯಾಕೆ ಎಚ್ಚರವಾಗಲಿಲ್ಲ ಎಂದು ತಿಳಿಯಲು ಸ್ವಲ್ಪ ಸಮಯ ಹಿಡಿಯಿತು. ಎದುರಿನ ಅಂಗಡಿಯ ಬಾಗಿಲು ತೆಗೆದ ಸದ್ದು ಆಗಿರಲಿಲ್ಲ.