ಹಿಮ್ಮಡಿ ಅಳತೆಯ ರೆಕ್ಕೆ

ನನ್ನ ಅಲೆ ಹಲಗೆಗೆ ಮೊದಲ ರೆಕ್ಕೆ ಮಾಡಿಕೊಟ್ಟವನು ಅಪ್ಪ. ಅದು ಶುದ್ಧ ತಪ್ಪು ರೆಕ್ಕೆ. ಆ ಮಾತನ್ನು ಅವನ ಎದುರು ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಅಜ್ಜಿಯನ್ನು ಬಿಟ್ಟರೆ ಯಾರಿಗೂ ಇರಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹತ್ತು ವರ್ಷ. ಅಪ್ಸರಕೊಂಡದ ಗುಡ್ಡದ ಕೆಳಗೆ ನಮ್ಮ ಮನೆ. ಗದ್ದೆ ಮುಗಿದಲ್ಲಿ ಕೇದಿಗೆ ಹಿಂಡು, ಅದರಾಚೆ ಕಡಲು. ಇಷ್ಟು ಹತ್ತಿರವಿದ್ದರೂ ನಮ್ಮವರು ನೀರಿಗೆ ಇಳಿಯುವವರಲ್ಲ. ಭತ್ತ, ಬದನೆ, ಗೆಣಸು ಬೆಳೆಯುವ ಜನ. ಮೀನು ಬುಟ್ಟಿಯಲ್ಲಿ ಕೂತು ನಮ್ಮ ಬಾಗಿಲಿಗೇ ಬರುವಾಗ ನಾವೇಕೆ ಅದರ ಮನೆಗೆ ಹೋಗಬೇಕು ಎನ್ನುವುದು ಅಜ್ಜಿಯ ವಾದ.

ಹಲಗೆ ತಂದವನು ನನ್ನ ಮಾವ, ಅಮ್ಮನ ತಮ್ಮ. ಮುಂಬಯಿಯಿಂದ ಹೊರಡುವ ಹಡಗೊಂದರಲ್ಲಿ ಅವನಿಗೆ ಅಡುಗೆ ಕೆಲಸ. ಯಾವುದೋ ದೇಶದಲ್ಲಿ ಜನ ಹಲಗೆಯ ಮೇಲೆ ನಿಂತು ಅಲೆಯ ಜೊತೆ ದಡಕ್ಕೆ ಬರುತ್ತಾರೆ ಎಂದು ಅವನು ಹೇಳಿದಾಗ ಮನೆಯವರೆಲ್ಲ ನಕ್ಕರು. ನಾನು ನಗಲಿಲ್ಲ, ಹಟ ಹಿಡಿದೆ. ನನ್ನ ಹಟ ಊರಿಗೇ ಗೊತ್ತಿದ್ದದ್ದು. ಮಾವ ಹೊನ್ನಾವರದ ಬಂದರಿನಿಂದ ಒಡೆದ ದೋಣಿಯ ಹಗುರ ಹಲಗೆಯೊಂದನ್ನು ಹೊತ್ತು ತಂದು, ಮೂತಿ ದುಂಡಗೆ ಕೆತ್ತಿ, ಮೈಗೆ ಎಣ್ಣೆ ಬಳಿದುಕೊಟ್ಟ. ನನಗಿಂತ ಒಂದು ಗೇಣು ಉದ್ದವಿತ್ತು. ಅದರ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿದರೆ ಅಲೆ ಎತ್ತುತ್ತಿತ್ತು, ಆದರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಹಲಗೆ ಅಡ್ಡ ತಿರುಗಿ ನನ್ನನ್ನು ಕೆಡವುತ್ತಿತ್ತು.

"ಹಲಗೆ ಅಡಿಗೆ ಒಂದು ರೆಕ್ಕೆ ಇರ್ತದೆ. ಅದಿದ್ರೆ ನೆಟ್ಟಗೆ ಹೋಗ್ತದೆ" ಎಂದ ಮಾವ.

"ಎಲ್ಲಿಗೆ ಹಾಕೂದು? ಮುಂದೋ ಹಿಂದೋ?" ಎಂದು ಅಪ್ಪ ಕೇಳಿದ. ಮಾವ ನೋಡಿದ್ದೇ ದೂರದ ಹಡಗಿನ ಕಟಕಟೆಯಿಂದ, ರೆಕ್ಕೆಯ ಮಾತು ಬರೀ ಕೇಳಿದ್ದು. ರಜೆ ಮುಗಿಯಿತು, ಹೊಳೆ ದಾಟಿ ಕುಮಟಾ ಬಸ್ಸು ಹಿಡಿದು ಹೋಗಿಬಿಟ್ಟ. ರೆಕ್ಕೆಯ ಹೊಣೆ ಅಪ್ಪನ ತಲೆಗೆ ಬಂತು.

ಅಪ್ಪ ಊರಿಗೆಲ್ಲ ನೇಗಿಲು ಮಾಡಿಕೊಡುತ್ತಿದ್ದವನು. ಹಿಂದೆ ಇದ್ದು ದಾರಿ ತೋರಿಸುವ ವಸ್ತು ಅವನ ಲೋಕದಲ್ಲೇ ಇರಲಿಲ್ಲ. ನೆಲ ಸೀಳುವುದಿರಲಿ ನೀರು ಸೀಳುವುದಿರಲಿ, ಗುಳ ಮುಂದಿರಬೇಕು, ಮೊನೆ ಮುಂದಕ್ಕೆ ಬಾಗಿರಬೇಕು. ಹಾಗೆಯೇ ಹಲಸಿನ ಮರದಲ್ಲಿ ಒಂದು ಮುದ್ದಾದ ಗುಳ ಕೆತ್ತಿ, ಹಲಗೆಯ ಎದೆಯ ಕೆಳಗೆ ತೂತು ಕೊರೆದು ಕೂರಿಸಿ, ಬೆಣೆ ಹೊಡೆದ. ನೋಡಲು ಬಹಳ ಚೆಂದವಿತ್ತು. ಈಗಲೂ ಅದರ ಚೆಂದದ ಬಗ್ಗೆ ನನಗೆ ತಕರಾರಿಲ್ಲ.

ಮೊದಲ ಅಲೆಗೇ ಆ ಗುಳ ಮರಳಿಗೆ ಕಚ್ಚಿಕೊಂಡಿತು. ಹಲಗೆ ನಿಂತಿತು, ನಾನು ನಿಲ್ಲಲಿಲ್ಲ. ಗಲ್ಲ ಹಲಗೆಯ ಮೂತಿಗೆ ಬಡಿದು ಸೀಳಿ, ರಕ್ತ ಕುತ್ತಿಗೆಯ ತನಕ ಇಳಿಯಿತು. ದಡದಲ್ಲಿ ಬಲೆ ಒಣಗಿಸುತ್ತಿದ್ದವರು ಹೊಟ್ಟೆ ಹಿಡಿದು ನಕ್ಕರು. "ಗದ್ದೆಯವ್ರು ಸಮುದ್ರ ಹೂಡೂಕೆ ಬಂದ್ರು! ಎಂತ ಬಿತ್ತೂದು, ಭತ್ತವೋ ಉದ್ದೋ?" ಅಪ್ಪನ ಮುಖ ಬಿಗಿಯಾಯಿತು. ನನಗೆ ಗಲ್ಲಕ್ಕಿಂತ ಆ ನಗೆಯೇ ಹೆಚ್ಚು ಉರಿಯಿತು.

ಮನೆಯಲ್ಲಿ, ತಪ್ಪು ರೆಕ್ಕೆಯದು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ತಡೆದಳು. "ಕುಣೂಕೆ ಬರದವ್ಳು ನೆಲ ಡೊಂಕು ಅಂದ್ಳಂತೆ. ಅವ ಮಾಡಿದ್ದೂ ತಪ್ಪು, ನೀ ಹತ್ತಿದ್ದೂ ತಪ್ಪು." ಆಮೇಲೆ ತೀರ್ಪು ಬಂತು. "ಒಂದ್ಸಲ ನೆತ್ರು ಬಿತ್ತು, ಆತು. ಇನ್ನೊಂದು ಹನಿ ಬಿದ್ರೆ ಆ ಹಲಗೆ ಬಚ್ಚಲ ಒಲೆಗೆ."

ಅಜ್ಜಿ ಆಡಿದ ಮಾತಿಗೆ ಎರಡಿಲ್ಲ. ಅಣ್ಣನ ಚಿನ್ನಿದಾಂಡು ಹಿಂದಿನ ವರ್ಷವೇ ಆ ಒಲೆ ಸೇರಿತ್ತು, ಅದು ಕಾಯಿಸಿದ ನೀರಿನಲ್ಲೇ ಅವನಿಗೆ ಸ್ನಾನವೂ ಆಗಿತ್ತು. ನಾನು ಹಲಗೆಯನ್ನು ಕೊಟ್ಟಿಗೆಯ ಅಟ್ಟಕ್ಕೆ ಹಾಕಿ ಸುಮ್ಮನಾದೆ. ಅದು ಉರಿಯುವುದಕ್ಕಿಂತ ಅಟ್ಟದ ಮೇಲೆ ಕೊಳೆಯಲಿ ಎಂದುಕೊಂಡೆ. ಅಳಲಿಲ್ಲ. ಆದರೆ ಆ ವಯಸ್ಸಿನಲ್ಲಿ ನಾನು ಅಷ್ಟು ಆಸೆಪಟ್ಟದ್ದು ಬೇರೊಂದಿರಲಿಲ್ಲ.

ಸುಗ್ಗಿ ಬೆಳೆಯ ನಾಟಿಗೆ ಗದ್ದೆ ಹದ ಮಾಡುವ ಕಾಲ ಬಂತು. ಉತ್ತ ಮೇಲೆ ಕೆಸರು ಮಟ್ಟ ಮಾಡಲು ಎತ್ತುಗಳ ಹಿಂದೆ ಕೊರಡು ಕಟ್ಟುತ್ತಾರೆ. ಅದೊಂದು ಅಗಲ ಹಲಗೆ. ಅದರ ಮೇಲೆ ನಿಂತು, ಎತ್ತಿನ ಬಾಲ ಹಿಡಿದು, ಅಪ್ಪ ಗದ್ದೆಯುದ್ದಕ್ಕೂ ಜಾರಿಕೊಂಡು ಹೋಗುತ್ತಿದ್ದ. ಭಾರಕ್ಕೆಂದು ನನ್ನನ್ನೂ ಅವನ ಕಾಲ ಬುಡದಲ್ಲಿ ಕೂರಿಸುತ್ತಿದ್ದರು. ಚಿಕ್ಕಂದಿನಿಂದ ಕೂತ ಜಾಗವೇ. ಆದರೆ ಆ ದಿನ ನನ್ನ ಕಣ್ಣು ಅವನ ಕಾಲಿನ ಮೇಲೆ ಹೋಯಿತು. ಕೊರಡು ಒಂದು ಬದಿಗೆ ಜಾರಿದಾಗಲೆಲ್ಲ ಅಪ್ಪ ಹಿಮ್ಮಡಿಯನ್ನು ಹಲಗೆಯ ಹಿಂದಕ್ಕೆ ತಂದು ಕೆಸರಿಗೆ ಇಳಿಸುತ್ತಿದ್ದ. ಕೊರಡು ನೆಟ್ಟಗಾಗುತ್ತಿತ್ತು. ಕಾಲು ಎತ್ತುತ್ತಿದ್ದ. ತಾನು ಹೀಗೆ ಮಾಡುತ್ತಿದ್ದೇನೆಂದು ಅವನಿಗೇ ಗೊತ್ತಿದ್ದಂತಿರಲಿಲ್ಲ.

"ಅಪ್ಪಾ, ಹಲಗೆಗೆ ಬೇಕಾದದ್ದು ಗುಳ ಅಲ್ಲ. ನಿನ್ನ ಹಿಮ್ಮಡಿ."

"ಎಂತ?"

"ಈಗ ನೀ ಕಾಲು ಹಿಂದೆ ಇಳಿಸ್ದೆ ಅಲ್ದ? ಹಾಂಗೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಬೈಗುಳಕ್ಕೆ ಕಾದು ಕೂತೆ. ಅವನು ಇನ್ನೊಂದು ಸುತ್ತು ಹೊಡೆದ, ಬೇಕೆಂದೇ ಕಾಲು ಇಳಿಸಿ ನೋಡಿದ, ಎತ್ತಿ ನೋಡಿದ. ಗದ್ದೆಯ ಮೂಲೆಯಲ್ಲಿ ಎತ್ತು ತಿರುಗಿಸುವಾಗ "ಹಲಗೆ ಅಟ್ಟದ ಮೇಲಿತ್ತ?" ಎಂದ.

ಎರಡನೆಯ ರೆಕ್ಕೆಗೆ ಮರ ಆರಿಸುವುದರಲ್ಲೇ ಒಂದು ಹೊತ್ತು ಹೋಯಿತು. ಹಲಸು ಭಾರ, ಹಿಂದಿನ ತುದಿ ಮುಳುಗುತ್ತದೆ. ಅಡಿಕೆ ದಬ್ಬೆ ನೀರು ಕುಡಿದರೆ ಎಳೆ ಬಿಡುತ್ತದೆ. ಡಬ್ಬಿಯ ತಗಡು ಎಂದೆ ನಾನು. ಕಾಲು ಕುಯ್ದುಕೊಳ್ಳುತ್ತಿ ಎಂದ ಅವನು. ಕೊನೆಗೆ ಮುರಿದ ನೊಗದ ತುಂಡು ಸಿಕ್ಕಿತು. ಹಗುರ, ಎತ್ತಿನ ಹೆಗಲು ಉಜ್ಜಿ ಉಜ್ಜಿ ನುಣುಪಾಗಿತ್ತು. ಅಪ್ಪ ಅದರ ಮೇಲೆ ತನ್ನ ಕಾಲಿಟ್ಟು ಇದ್ದಿಲಿನಿಂದ ಹಿಮ್ಮಡಿಯ ಗೆರೆ ಎಳೆದ. ಗೆರೆಯಂತೆಯೇ ಕೆತ್ತಿ, ತುದಿಯನ್ನು ಹಿಂದಕ್ಕೆ ಸವರಿ, ಹಲಗೆಯ ಬಾಲದ ಬಳಿ ಕೂರಿಸಿದ. ಹಳೆಯ ತೂತಿಗೆ ಮರದ ಬೆಣೆ ಜಡಿದು ಮೇಣ ತುಂಬಿದ.

ಕಡಲಿಗೆ ಹೊರಟಾಗ ಅಜ್ಜಿಯೂ ಹಿಂದೆ ಬಂದಳು. ಕೈಯಲ್ಲಿ ಎಲೆಯಡಿಕೆ ಚೀಲ, ಜೊತೆಗೆ ಕತ್ತದ ಹಗ್ಗ. "ಹಗ್ಗ ಎಂತಕ್ಕೆ?" ಎಂದೆ. "ಸೌದೆ ಕಟ್ಟೂಕೆ" ಎಂದಳು. ಕೇದಿಗೆಯ ನೆರಳಿನಲ್ಲಿ ಕೂತಳು.

ಅಲೆಗಳು ಚಿಕ್ಕವಿದ್ದ ತಿಂಗಳು ಅದು, ಸೊಂಟದ ಎತ್ತರಕ್ಕೂ ಬರುತ್ತಿರಲಿಲ್ಲ. ಮೊದಲನೆಯದಕ್ಕೆ ಮಲಗಿಯೇ ಬಂದೆ. ಹಲಗೆ ಎತ್ತಲೂ ತಿರುಗಲಿಲ್ಲ. ಮುಂದಿನದಕ್ಕೆ, ಕೊರಡಿನ ಮೇಲೆ ಅಪ್ಪ ನಿಲ್ಲುವ ಹಾಗೆ ಒಂದು ಕಾಲು ಹಿಂದೆ ಇಟ್ಟು ಎದ್ದು ನಿಂತೆ. ಬಿದ್ದೆ. ಮತ್ತೆ ನಿಂತೆ. ಎಷ್ಟನೆಯ ಸಲವೋ, ನಿಂತವಳು ನಿಂತೇ ಬಂದೆ. ಮರಳಿಗೆ ಮುಟ್ಟಿ ಅಪ್ಪನ ಎದುರೇ ಇಳಿದೆ. ಬಲೆಯವರು ಈ ಸಲ ನಗಲಿಲ್ಲ. ನನಗಾದ ಸಂತೋಷಕ್ಕೆ ನಾನು ಯಾರನ್ನಾದರೂ ಕಚ್ಚಿಬಿಡುತ್ತಿದ್ದೆ.

"ತಾ ಇಲ್ಲಿ" ಎಂದ ಅಪ್ಪ. ಮೊಳಕಾಲಿನ ಮೇಲೆ ನೀರು ಕಂಡಿರದ ಮನುಷ್ಯ, ಗದ್ದೆಗೆ ಇಳಿಯುವಂತೆ ಪಂಚೆ ಎತ್ತಿ ಕಟ್ಟಿ ಕಡಲಿಗೆ ಇಳಿದ. ನನಗೆಂದು ಕೆತ್ತಿದ ಹಲಗೆ ಅವನ ಭಾರ ತಡೆಯುವುದುಂಟೆ? ಎತ್ತಿನ ಬಾಲವೂ ಇರಲಿಲ್ಲ ಹಿಡಿದುಕೊಳ್ಳಲು. ಅಲೆ ಅವನನ್ನು ಮಗುಚಿತು. ಹಲಗೆ ತಲೆಕೆಳಗಾಗಿ ಅವನ ಮೇಲೆಯೇ ಬಂದಾಗ ತಡೆಯಲು ಕೈ ಒಡ್ಡಿದ. ತಾನೇ ಸವರಿದ ರೆಕ್ಕೆಯ ಅಂಚು ಅಂಗೈಯನ್ನು ಸೀಳಿತು.

ನಾನು ರಕ್ತ ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಎಡಗೈ ಮುಷ್ಟಿ ಬಿಗಿದು, ಒದ್ದೆ ಪಂಚೆಯ ಮಡಿಕೆಯಲ್ಲಿ ಹುದುಗಿಸಿ, ನಗುತ್ತಾ ದಡಕ್ಕೆ ಬಂದ. ಅವನ ಅಷ್ಟು ಸುಳ್ಳು ನಗೆಯನ್ನು ನಾನು ಮತ್ತೆಂದೂ ನೋಡಿಲ್ಲ. ಅಜ್ಜಿ ಎದ್ದು, ಹಗ್ಗ ಹೆಗಲಿಗೆ ಹಾಕಿಕೊಂಡು, ಮನೆಯ ಕಡೆ ಮುಂದೆ ನಡೆದಳು. ಅಷ್ಟು ದೂರದಿಂದ ಅವಳ ಕಣ್ಣಿಗೆ ಏನು ಕಾಣುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪನ ಎಡಗೈ ತೊಡೆಯ ಕೆಳಗಿತ್ತು. ನಾನು ಅನ್ನ ಕಲಸುತ್ತಲೇ ಇದ್ದೆ. ಬಚ್ಚಲ ಒಲೆಯ ಹೊಗೆಯೇ ಮೂಗಿಗೆ ಬರುತ್ತಿತ್ತು. ಅಜ್ಜಿ ಒಳಗಿನಿಂದ ಬಂದು, ತೆಂಗಿನ ಗರಟೆಯಲ್ಲಿ ಕಲಸಿದ ಅರಿಸಿನವನ್ನು ಅಪ್ಪನ ಎಡಬದಿಗೆ ಇಟ್ಟಳು. ಅವನು ತಲೆ ಎತ್ತಲಿಲ್ಲ. ಅವಳು ನನ್ನ ಕಡೆ ತಿರುಗಿದಳು.

"ಆ ಹಲಗೆ ಬಿಸ್ಲಿಗೆ ಹಾಕ್ಬೇಡ, ಬಿರೀತದೆ. ಒಳಗೆ ತಂದಿಡು."