ಅತ್ತೆಯ ಕಣ್ಪಾಠ

ಕೊಬ್ಬರಿ ಬಿಡಿಸಲು ಕೂತರೆ ನಮ್ಮತ್ತೆಯ ಹುಬ್ಬು, ರೆಪ್ಪೆಗಳ ಮೇಲೆ ಚಿಪ್ಪಿನ ಕಂದು ಪುಡಿ ಕೂರುತ್ತಿತ್ತು. ಕೆಲಸ ಮುಗಿಯುವವರೆಗೆ ಅದನ್ನು ಒರೆಸಿಕೊಳ್ಳುತ್ತಿರಲಿಲ್ಲ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಸುಲಿದು, ಮಚ್ಚಿನಿಂದ ಚಿಪ್ಪಿಗಷ್ಟೇ ಪೆಟ್ಟು ಕೊಡುತ್ತಿದ್ದರು. ಒಳಗಿನ ಉಂಡೆ ಇಡಿಯಾಗಿ ಹೊರಬರುತ್ತಿತ್ತು. ದಂಡಿನಶಿವರದ ನಮ್ಮ ಬೀದಿಯಲ್ಲಿ ಅವರಷ್ಟು ಚೊಕ್ಕವಾಗಿ ಬಿಡಿಸುವವರು ಇರಲಿಲ್ಲ.

ಹೇಗೆಂದು ಯಾರು ಕೇಳಿದರೂ ಅವರದು ಒಂದೇ ಮಾತು, ಕಣ್ಪಾಠ. ಎದುರು ಕೂತು, ಬಾಯಿ ಮುಚ್ಚಿಕೊಂಡು, ಇನ್ನೊಬ್ಬರ ಕೈಯನ್ನು ನೋಡಿ ನೋಡಿಯೇ ಕಲಿಯುವುದಕ್ಕೆ ಅವರಿಟ್ಟ ಹೆಸರು ಅದು. ರೊಟ್ಟಿ ತಟ್ಟುವುದಕ್ಕೂ, ಬಾಣಂತಿಗೆ ನೀರೆರೆಯುವುದಕ್ಕೂ ಅದನ್ನೇ ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಎಷ್ಟು ಬಲವಾಗಿ ಹೊಡೆಯಬೇಕೆಂದು ನಾನೂ ಕೇಳಿದ್ದೆ.

"ಬಾಯ್ಪಾಠ ನಿನ್ ಸ್ಕೂಲಲ್ಲಿ ಮಾಡ್ಸು ಮೇಷ್ಟ್ರಮ್ಮ. ಇದು ಕಣ್ಪಾಠ ಕಣೇ."

ನಾನು ಜೀವನವಿಡೀ ಶಾಲೆಯ ಗಂಟೆಗೆ ಸರಿಯಾಗಿ ಪಾಠ ಮಾಡಿದವಳು. ನಿವೃತ್ತಿಯಾದ ಮೇಲೆ, ಈ ವಿದ್ಯೆ ಅತ್ತೆಯೊಂದಿಗೇ ಹೋಗಬಾರದೆಂದು ವೇಳಾಪಟ್ಟಿ ಹಾಕಿದೆ. ಭಾನುವಾರ ಹತ್ತರಿಂದ ಹನ್ನೊಂದು. ನೋಟ್‌ಪುಸ್ತಕ ಹಿಡಿದು ಎದುರು ಕೂತೆ. ಮೂರು ಸಲ ಕಾಯಿ ಅಲ್ಲಾಡಿಸಿದರು, ಬರೆದೆ. ನಾಲ್ಕು ಪೆಟ್ಟು ಕೊಟ್ಟರು, ಬರೆದೆ. ಅತ್ತೆ ಮಚ್ಚು ಕೆಳಗಿಟ್ಟರು.

"ನನ್ ಕೈ ನೋಡೇ. ಆ ಬುಕ್ಕಲ್ಲಿ ಏನೈತೆ?"

ಬರೆಯದಿದ್ದರೆ ಮರೆತುಹೋಗುತ್ತದೆ ಎಂದು ನಾನು ಬರೆಯುತ್ತಲೇ ಹೋದೆ.

ಒಂದು ಬುಧವಾರ ಅವರೇ ಕರೆದರು. ಕಾಯಿ ಒಳ್ಳೆಯ ಹದಕ್ಕೆ ಬಂದಿದೆ, ಪುಸ್ತಕ ಬಿಟ್ಟು ಬಾ ಎಂದರು. ನಾನು ಬೀರು ಜೋಡಿಸುತ್ತಿದ್ದೆ. ಭಾನುವಾರ ಬರುತ್ತೇನೆ ಎಂದೆ. ಇನ್ನೊಮ್ಮೆ ಕರೆದರು. ಏಳಲಿಲ್ಲ.

ಶನಿವಾರ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು.

ಕೆಲವು ದಿನ ಕಳೆದು, ಅವರಿಗೆ ಸಮಾಧಾನವಾಗಲೆಂದು ಮಂಚದ ಪಕ್ಕದಲ್ಲೇ ಕೂತು, ಪುಸ್ತಕ ತೆರೆದಿಟ್ಟುಕೊಂಡು ನಾನೇ ಬಿಡಿಸಿದೆ. ಬರೆದುಕೊಂಡಷ್ಟೇ ಪೆಟ್ಟು ಕೊಟ್ಟೆ. ಏಳು ಕಾಯಿ, ಏಳೂ ಒಡಕು. ಅತ್ತೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಆಮೇಲೆ ಎಡಗೈಯನ್ನು ಬಟ್ಟಲಿನಂತೆ ಮಾಡಿ, ಮೇಲೆತ್ತಿ, ಗಾಳಿಯಲ್ಲಿ ಮೆಲ್ಲಗೆ ತಿರುಗಿಸಿದರು. ನೀರು ಕೇಳುತ್ತಿದ್ದಾರೆ ಅಂದುಕೊಂಡು ಲೋಟ ಬಾಯಿಗಿಟ್ಟೆ. ಒಂದು ಗುಟುಕು ಕುಡಿದು ಗೋಡೆಯ ಕಡೆ ಮುಖ ಮಾಡಿದರು. ಆ ತಿಂಗಳೇ ತೀರಿಕೊಂಡರು.

ಈಗ ಶೆಟ್ಟಿಕೆರೆ ಕಡೆಯ ಹೆಂಗಸೊಬ್ಬಳು ಬಂದು ಚಿಪ್ಪು ಬಿಡಿಸುತ್ತಾಳೆ. ಮೊದಲ ದಿನ ಬರಿಗೈಯಲ್ಲಿ ಅವಳೆದುರು ಕೂತೆ. ಒಂದೊಂದು ಪೆಟ್ಟು ಬಿದ್ದಾಗಲೂ ಅವಳ ಎಡಗೈ ಕಾಯಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿತ್ತು.

ಅತ್ತೆ ಕೇಳಿದ್ದು ನೀರಲ್ಲ.